ಪೆನ್ ಡ್ರೈವ್ ತಂದವರಿಗೆ ನಾನು ಕೇಳುವ ಮೊದಲ ಪ್ರಶ್ನೆ

ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ ಕೌಟುಂಬಿಕ ನ್ಯಾಯಾಲಯಗಳಿವೆ. ನನ್ನ ವಕೀಲಿ ಕೆಲಸ ಜಾಸ್ತಿ ಅಲ್ಲೇ. ಈಗೀಗ ಕಕ್ಷಿದಾರರು ಮದುವೆ ಆಲ್ಬಂ ಜೊತೆ, ಸಂಗಾತಿಯನ್ನು ಗುಟ್ಟಾಗಿ ರೆಕಾರ್ಡ್ ಮಾಡಿದ ಆಡಿಯೋ, ವಿಡಿಯೋ ತುಂಬಿದ ಪೆನ್ ಡ್ರೈವನ್ನೂ ತರುತ್ತಾರೆ. "ಮೇಡಂ, ಎಲ್ಲಾ ಇದರಲ್ಲೇ ಇದೆ" ಅಂತ ಮೇಜಿನ ಮೇಲಿಡುತ್ತಾರೆ. ಏನಿದೆ ಅಂತ ನಾನು ತಕ್ಷಣ ಕೇಳುವುದಿಲ್ಲ. "ಇದನ್ನು ಇನ್ನೂ ಯಾರ್‍ಯಾರಿಗೆ ಕಳಿಸಿದ್ದೀರಿ?" ಅಂತ ಕೇಳುತ್ತೇನೆ.

ಪಟ್ಟಿ ಉದ್ದವೇ ಇರುತ್ತದೆ. ಅಣ್ಣನಿಗೆ, ಸೋದರಮಾವನಿಗೆ, ಮದುವೆ ಮಾತಾಡಿಸಿದ ಹಿರಿಯರಿಗೆ, ಕೆಲವೊಮ್ಮೆ ಹೆಂಡತಿಯ ಆಫೀಸಿನವರಿಗೂ. "ಇಂಥ ರೆಕಾರ್ಡಿಂಗನ್ನು ಸುಪ್ರೀಂ ಕೋರ್ಟೇ ಒಪ್ಪಿದೆಯಲ್ಲ ಮೇಡಂ" ಅನ್ನುತ್ತಾರೆ.

ಒಪ್ಪಿದ್ದು ನಿಜ. ಪಂಜಾಬಿನ ಬಠಿಂಡಾದ ಒಂದು ವಿಚ್ಛೇದನ ಪ್ರಕರಣ ಅದು. ಗಂಡ ಗುಟ್ಟಾಗಿ ರೆಕಾರ್ಡ್ ಮಾಡಿದ ಫೋನ್ ಮಾತನ್ನು ಕೆಳಗಿನ ಕೋರ್ಟ್ 2020ರಲ್ಲಿ ಒಪ್ಪಿತ್ತು. ಅಲ್ಲಿನ ಹೈಕೋರ್ಟ್ 2021ರಲ್ಲಿ ಬೇಡ ಅಂದಿತು. 2025ರ ಜುಲೈ 14ರಂದು ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಸತೀಶ್ ಚಂದ್ರ ಶರ್ಮಾ ಅವರ ಸುಪ್ರೀಂ ಕೋರ್ಟ್ ಪೀಠ ಆ ರೆಕಾರ್ಡಿಂಗನ್ನು ಮತ್ತೆ ಸಾಕ್ಷಿಯಾಗಿ ಒಳಗೆ ಬಿಟ್ಟಿತು. ಗಂಡ ಹೆಂಡತಿ ಒಬ್ಬರ ಮೇಲೊಬ್ಬರು ಗೂಢಚಾರಿಕೆ ಮಾಡುವ ಹಂತ ಬಂದಿದ್ದರೆ ಸಂಬಂಧ ಆಗಲೇ ಮುರಿದಿದೆ ಎನ್ನುವುದು ಪೀಠದ ಮಾತು.

ಆದರೆ ಆ ಅನುಮತಿ ಜಡ್ಜ್ ಮುಂದೆ ಇಡುವುದಕ್ಕೆ. ಫ್ಯಾಮಿಲಿ ಗ್ರೂಪಿಗೆ ಹಾಕುವುದಕ್ಕಲ್ಲ. ಹಿಂದೂ ವಿವಾಹ ಕಾಯ್ದೆಯ 22ನೇ ಸೆಕ್ಷನ್ ಇಂಥ ವಿಚಾರಣೆಯನ್ನೇ ಮುಚ್ಚಿದ ಬಾಗಿಲ ಹಿಂದೆ ನಡೆಸಬೇಕು ಅನ್ನುತ್ತದೆ. ಬೆಡ್‌ರೂಮಿನ ವಿಡಿಯೋ ಅಂತೂ ಬೇರೆಯೇ ಮಾತು. ಖಾಸಗಿ ಅಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆದರೂ, ಕಳಿಸಿದರೂ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 66ಇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲಾಗಬಹುದು. "ಸಾಕ್ಷಿ ಅಂತ ಅಣ್ಣನಿಗೆ ಕಳಿಸಿದೆ" ಅಂದರೆ ಯಾವ ಪೊಲೀಸ್ ಬಿಡುತ್ತಾನೆ? ಅಂಥದ್ದನ್ನು ನನಗೂ ವಾಟ್ಸಾಪ್ ಮಾಡಬೇಡಿ ಅಂತ ಮೊದಲ ದಿನವೇ ಹೇಳಿಬಿಡುತ್ತೇನೆ.

ನನಗೆ ಜಾಸ್ತಿ ಕಾಡುವುದು ರೆಕಾರ್ಡಿಂಗಿನಲ್ಲಿರುವ ಬೇರೆಯವರು. ಒಮ್ಮೆ ನಮ್ಮ ಟೈಪಿಸ್ಟ್ ಹೆಡ್‌ಫೋನ್ ಹಾಕಿಕೊಂಡು ಒಂದು ಜಗಳವನ್ನು ಅಕ್ಷರಕ್ಕಿಳಿಸುತ್ತಿದ್ದಳು. ಮಧ್ಯೆ ನಿಲ್ಲಿಸಿ, "ಮೇಡಂ, ಇಲ್ಲಿ ಅವರ ತಂಗಿ ತನ್ನ ಗರ್ಭಪಾತದ ಬಗ್ಗೆ ಮಾತಾಡ್ತಿದ್ದಾರೆ. ಇದನ್ನೂ ಬರೀಬೇಕಾ?" ಅಂತ ಕೇಳಿದಳು. ಹಿಂದೆ ಮಗು ಮಗ್ಗಿ ಹೇಳುವುದೂ ಕೇಳಿಸುತ್ತಿತ್ತು. ಆ ತಂಗಿಗೆ ಈ ಕೇಸಿಗೆ ಏನು ಸಂಬಂಧ? ಗಂಡ ಹೆಂಡತಿಯ ಕೇಸಿನಲ್ಲಿ ಪಕ್ಷಗಾರನೇ ಅಲ್ಲದ ಒಬ್ಬನ ಮೊಬೈಲ್ ಟವರ್ ವಿವರ ತರಿಸುವ ಆದೇಶವನ್ನು ನಮ್ಮ ಹೈಕೋರ್ಟ್ 2022ರಲ್ಲಿ ರದ್ದು ಮಾಡಿದೆ. ಅವನಿಗೂ ಖಾಸಗಿತನ ಇದೆ ಎನ್ನುವುದೇ ಕಾರಣ. ತಂಗಿಗೂ ಅದೇ ನ್ಯಾಯ ಅಲ್ವಾ? ಆ ಭಾಗ ಬಿಟ್ಟು, ಆರೋಪಕ್ಕೆ ಬೇಕಾದಷ್ಟನ್ನೇ ಟೈಪ್ ಮಾಡಿಸಿದೆವು.

ಹಾಗಂತ ಮೂಲ ಫೈಲನ್ನು ಕತ್ತರಿಸುವಂತಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರದಲ್ಲಿ ಫೈಲಿನ ಹ್ಯಾಶ್ ಮೌಲ್ಯ, ಅಂದರೆ ಫೈಲಿನ ಬೆರಳಚ್ಚಿನಂಥ ಒಂದು ಸಂಕೇತ, ಬರೆಯಬೇಕು. ಒಂದು ಸೆಕೆಂಡ್ ತೆಗೆದರೂ ಅದು ಬದಲಾಗುತ್ತದೆ. ವಾಟ್ಸಾಪಿನಲ್ಲಿ ಸಾಮಾನ್ಯ ವಿಡಿಯೋ ಆಗಿ ಕಳಿಸಿದರೂ ಕುಗ್ಗಿ ಬೇರೆ ಫೈಲೇ ಆಗುತ್ತದೆ. ನೀತಿ ಹೇಳಿದರೆ ಕೇಳದವರೂ ಇದನ್ನು ಹೇಳಿದಾಗ ಫಾರ್ವರ್ಡ್ ಮಾಡುವುದನ್ನು ನಿಲ್ಲಿಸುತ್ತಾರೆ! ಮೂಲ ಫೋನ್ ಹಾಗೇ ಇರಲಿ, ಪೂರ್ತಿ ಪ್ರತಿ ಮುಚ್ಚಿದ ಲಕೋಟೆಯಲ್ಲಿ ಕೋರ್ಟಿಗೆ ಹೋಗಲಿ ಅನ್ನುತ್ತೇನೆ.

ಇನ್ನೊಂದು ತೂತು ಕೋರ್ಟ್ ಹತ್ತಿರದ ಜೆರಾಕ್ಸ್ ಅಂಗಡಿ. ಸಿಡಿ ಬರೆಯಲು, ಫೋಟೋ ಪ್ರಿಂಟ್ ಹಾಕಿಸಲು ಎಲ್ಲರೂ ಅಲ್ಲಿಗೇ ಓಡುತ್ತಾರೆ. ಅಂಥ ಒಂದು ಕಂಪ್ಯೂಟರಿನ ಡೆಸ್ಕ್‌ಟಾಪ್ ಮೇಲೆ ಯಾರ್‍ಯಾರದ್ದೋ ಕೇಸ್ ನಂಬರಿನ ಫೋಲ್ಡರುಗಳು ಸಾಲಾಗಿ ಕೂತಿದ್ದನ್ನು ನಾನೇ ನೋಡಿದ್ದೇನೆ. ಅವತ್ತಿನಿಂದ ಈ ಕೆಲಸವೆಲ್ಲ ನಮ್ಮ ಆಫೀಸಿನಲ್ಲೇ.

ಎದುರು ಪಕ್ಷಕ್ಕೆ ಪ್ರತಿ ಕೊಡಲೇಬೇಕು, ಅದನ್ನು ತಪ್ಪಿಸಲಾಗದು. ಹಾಗಾಗಿ ಈ ಪ್ರತಿಯನ್ನು ಕೇಸಿನ ಹೊರಗೆ ಯಾರೂ ಬಳಸಬಾರದು ಅಂತ ಅರ್ಜಿಯಲ್ಲೇ ಒಂದು ಸಾಲು ಕೇಳುತ್ತೇನೆ. ಕೆಲವು ಜಡ್ಜ್‌ಗಳು ಆದೇಶದಲ್ಲಿ ಬರೆಯುತ್ತಾರೆ. ಇನ್ನು ಕೆಲವರು "ಅದು ಗೊತ್ತಿದ್ದದ್ದೇ ಅಲ್ವೇನಮ್ಮಾ" ಅಂತ ಮುಂದಿನ ಕೇಸ್ ಕರೆಯುತ್ತಾರೆ.