ಯಾರೂ ಕೇಳದ ಹಲ್ಲಿ

ಮೊನ್ನೆ ನನ್ನ ಹಳೇ ಚಿತ್ರದ ಪುಸ್ತಕಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕೂತಿದ್ದೆ. ಏನೋ ದೊಡ್ಡ ಉದ್ದೇಶಕ್ಕಲ್ಲ, ಕಪಾಟಿನಲ್ಲಿ ಜಾಗ ಮಾಡಬೇಕಿತ್ತು ಅಷ್ಟೇ. ಪುಟ ತಿರುಗಿಸುತ್ತಾ ಹೋದ ಹಾಗೆ ಗೊತ್ತಾಯಿತು, ಒಂದು ಪುಟದಲ್ಲೂ ಖಾಲಿ ಜಾಗ ಇಲ್ಲ. ಮುಖ ಬರೆದಿದ್ದರೆ ಅದರ ಹಿಂದೆ ಗೋಡೆ, ಗೋಡೆಯಲ್ಲಿ ಬಿರುಕು, ಬಿರುಕಿನ ಪಕ್ಕ ಒಂದು ಹಲ್ಲಿ. ಯಾರೂ ಕೇಳದ ಹಲ್ಲಿ.

ಕುತೂಹಲಕ್ಕೆ ಕಂಪ್ಯೂಟರಿನಲ್ಲಿದ್ದ ಹಳೇ ಪೋಸ್ಟರ್‌ಗಳನ್ನೂ ತೆಗೆದು ನೋಡಿದೆ. ಅಲ್ಲೂ ಅದೇ ಕಥೆ. ಗೆಳೆಯನ ನಾಟಕಕ್ಕೆ ಮಾಡಿಕೊಟ್ಟ ಒಂದರಲ್ಲಂತೂ ಇರೋ ಬರೋ ಮಾಹಿತಿಯನ್ನೆಲ್ಲ ತುರುಕೋಕೆ ಸಾಲುಗಳ ನಡುವಿನ ಅಂತರವನ್ನೇ ಕಮ್ಮಿ ಮಾಡಿದ್ದೆ. ಕನ್ನಡದಲ್ಲಿ ಈ ಆಟ ನಡೆಯುವುದಿಲ್ಲ. ನಮ್ಮ ಅಕ್ಷರದ ಕೆಳಗೆ ಒತ್ತು ಇರುತ್ತದೆ, ‘ರಾಷ್ಟ್ರ’, ‘ಸ್ತ್ರೀ’ ಅಂಥ ಕಡೆ ಒಂದೇ ಅಕ್ಷರಕ್ಕೆ ಎರಡೆರಡು ಒತ್ತು, ಅಂತರ ಕಮ್ಮಿಯಾದರೆ ಅವು ನೇರ ಹೋಗಿ ಕೆಳಗಿನ ಸಾಲಿನ ತಲೆಕಟ್ಟಿನ ಮೇಲೆ ಕೂರುತ್ತವೆ. “ಇದನ್ನ ಎಲ್ಲಿಂದ ಓದೋದು ಮಾರಾಯ?” ಅಂದಿದ್ದ ಅವನು. ಇವನಿಗೆ ಡಿಸೈನ್ ಅರ್ಥ ಆಗಲ್ಲ ಅಂತ ನಾನು ಸುಮ್ಮನಾಗಿದ್ದೆ.

ಬರಹದ ಗತಿಯೂ ಅಷ್ಟೇ. ಒಂದು ಮಾತು ಹೇಳುವುದು, ಅದನ್ನೇ ಬೇರೆ ಥರ ಇನ್ನೊಮ್ಮೆ ಹೇಳುವುದು, ಎಲ್ಲಿ ಓದುವವರಿಗೆ ಹೊಳೆಯಲಿಲ್ಲವೋ ಅಂತ ಮೇಲೊಂದು ಹೋಲಿಕೆ.

ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಮುಜುಗರವಾಯಿತು, ಯಾಕೆಂದರೆ ಇದು ಬರೀ ಕೈಯ ಚಟ ಅಲ್ಲ, ನಾನೇ ಹೀಗೆ. ಎದುರಿಗಿರುವವರು ಎರಡು ಕ್ಷಣ ಮಾತು ನಿಲ್ಲಿಸಿದರೆ ಸಾಕು, ನಾನು ಏನಾದರೂ ಹೇಳಿ ಆ ಜಾಗ ತುಂಬಿಸಿಬಿಡುತ್ತೇನೆ. ಮನೆಯವರು ಇದನ್ನು ವರ್ಷಗಟ್ಟಲೆ ಹೇಳಿದ್ದಾರೆ. ಮನುಷ್ಯರು ಹೇಳಿದರೆ ಅವರ ಜೊತೆ ವಾದ ಮಾಡಬಹುದು. ಹಲ್ಲಿ ಜೊತೆ ಏನು ವಾದ ಮಾಡೋದು?

ಚಿತ್ರ ಬರೆಯೋದರಿಂದ ನಿನಗೇನು ಸಿಗುತ್ತೆ ಅಂತ ಕೇಳಿದವರಿಗೆ ಮೊದಲೆಲ್ಲ ನೆಮ್ಮದಿ ಅಂತಿದ್ದೆ. ಸುಳ್ಳು. ಎಷ್ಟೋ ದಿನ ಸಿಗುವುದು ಸಿಟ್ಟೇ. ನನ್ನ ಬಗ್ಗೆ ನಾನು ಹೇಳಿಕೊಳ್ಳದ ವಿಷಯ ಕಾಗದದ ಮೇಲೆ ಬಂದುಬಿಡುತ್ತದಲ್ಲ, ಅದಕ್ಕೇ ಬಿಡೋಕಾಗಿಲ್ಲ ಅನ್ನಿಸುತ್ತದೆ.

ಚಿತ್ರ ಕಲಿಯುವವರಿಗೆ ಒಂದು ಹಳೇ ಅಭ್ಯಾಸ ಕೊಡುತ್ತಾರೆ. ಕುರ್ಚಿ ಬರೆಯಬೇಡಿ, ಕುರ್ಚಿಯ ಕಾಲುಗಳ ನಡುವೆ ಇರುವ ಸಂದುಗಳನ್ನು ಬರೆಯಿರಿ ಅಂತ. ಕೇಳಿದಾಗ ಇದೇನು ತಮಾಷೆ ಅನ್ನಿಸಿತ್ತು. ಮಾಡಿ ನೋಡಿದರೆ ಕುರ್ಚಿ ತಾನಾಗೇ ಸರಿಯಾಗಿ ಬಂದು ಕೂತಿತ್ತು! ಕುರ್ಚಿ ಅಂದಕೂಡಲೇ ಅದು ಹೇಗಿರುತ್ತದೆ ಅಂತ ತಲೆಗೆ ಮೊದಲೇ ಗೊತ್ತಿರುತ್ತದೆ, ನಾಲ್ಕೂ ಕಾಲು ಒಂದೇ ಉದ್ದ ಅಂತ ಕೈಗೆ ಹೇಳಿಬಿಡುತ್ತದೆ, ನೋಡುವ ಕೋನದಿಂದ ಹಾಗೆ ಕಾಣದಿದ್ದರೂ. ಸಂದಿಗೆ ಹೆಸರಿಲ್ಲ, ಅದು ಹೀಗೇ ಇರಬೇಕು ಅನ್ನೋ ಹಟವೂ ಇಲ್ಲ, ಹಾಗಾಗಿ ಕಣ್ಣು ಬೇರೆ ದಾರಿಯಿಲ್ಲದೆ ನಿಜವಾಗಿ ನೋಡುತ್ತದೆ. ಅಷ್ಟು ವರ್ಷ ನಾನು ತುಂಬಿಸುತ್ತಾ ಬಂದಿದ್ದು ಇದನ್ನೇ, ಅಲ್ವಾ?

1953ರಲ್ಲಿ ರಾಬರ್ಟ್ ರೌಶನ್‌ಬರ್ಗ್ ಅನ್ನೋ ಕಲಾವಿದ, ಆಗಲೇ ಹೆಸರು ಮಾಡಿದ್ದ ವಿಲ್ಲೆಮ್ ಡಿ ಕೂನಿಂಗ್ ಹತ್ತಿರ ಹೋಗಿ ಅಳಿಸೋಕೆ ಒಂದು ಚಿತ್ರ ಕೊಡಿ ಅಂತ ಕೇಳಿದ. ಡಿ ಕೂನಿಂಗ್‌ಗೆ ಅದು ಇಷ್ಟವಾಗಲಿಲ್ಲ, ಆದರೂ ಕೊಟ್ಟರು, ಬೇಕಂತಲೇ ಅಳಿಸೋಕೆ ಕಷ್ಟವಾದ ಒಂದನ್ನು ಹುಡುಕಿ. ವಾರಗಟ್ಟಲೆ ರಬ್ಬರ್ ಉಜ್ಜಿದರೂ ಒಂದಿಷ್ಟು ಗುರುತು ಉಳಿದೇ ಉಳಿಯಿತು. ಮೊದಲ ಸಲ ಓದಿದಾಗ ಇದು ಬರೀ ಚೇಷ್ಟೆ ಅಂದುಕೊಂಡಿದ್ದೆ, ಒಂದಂಶ ಚೇಷ್ಟೆಯೂ ಹೌದು ಬಿಡಿ. ಈಗ ನನಗೆ ನೆನಪಾಗುವುದು ಆ ವಾರಗಳು. ಬರೆಯೋದಕ್ಕಿಂತ ತೆಗೆಯೋದಕ್ಕೆ ಜಾಸ್ತಿ ತೋಳು ನೋಯುತ್ತದೆ.

ಗೆಳೆಯನ ಪೋಸ್ಟರನ್ನು ಮೊನ್ನೆ ಸುಮ್ನೆ ಮತ್ತೆ ಮಾಡಿದೆ. ನಾಟಕ ಮುಗಿದು ಯಾವ ಕಾಲವಾಯಿತೋ. ಹೆಸರು, ದಿನ, ಜಾಗ, ಮೂರೇ ಸಾಲು, ಉಳಿದದ್ದೆಲ್ಲ ಬಿಳಿ. ಅವನಿಗೆ ಕಳಿಸಿದೆ. ಇನ್ನೂ ಉತ್ತರ ಬಂದಿಲ್ಲ, ಹೇಗಿದೆ ಅಂತ ಕೇಳೋಕೆ ಎರಡು ಸಲ ಫೋನ್ ಎತ್ತಿಕೊಂಡು ಮತ್ತೆ ಇಟ್ಟಿದ್ದೇನೆ.