ಕಡಿಮೆ ರೇಟಿನ ಹಳೆ ಫೋರ್ ಬೈ ಫೋರ್: ಮೊದ್ಲು ಗಾಡಿ ಕೆಳಗೆ ಮಲಗಿ ನೋಡ್ರಿ

ನಮ್ಮ ಬಳ್ಳಾರಿ ಕಡೆ ಹಳೆ ಫೋರ್ ಬೈ ಫೋರ್, ಅಂದ್ರೆ ನಾಲ್ಕೂ ಗಾಲಿಗೆ ಎಂಜಿನ್ ಎಳೆತ ಕೊಡೋ ಗಾಡಿ, ಹುಡುಕೋದೇನು ಕಷ್ಟ ಇಲ್ಲ, ಒಳ್ಳೇದು ಸಿಗೋದು ಕಷ್ಟ. ಸಂಡೂರು ಕಡೆ ಮೈನ್ಸಲ್ಲಿ ದುಡಿದ ಮಹೀಂದ್ರಾ ಬೊಲೆರೊ ಕ್ಯಾಂಪರ್ ಪಿಕಪ್ ಗಾಡಿಗಳು ಕಾಂಟ್ರಾಕ್ಟ್ ಮುಗಿದ ಮೇಲೆ ಮಾರಾಟಕ್ಕೆ ಬರ್ತವೆ, ರೇಟು ಕಡಿಮೆ, ಪೇಂಟು ಹೊಸದು, ಸೀಟ್ ಕವರ್ ಹೊಸದು, ಫೋಟೋ ನೋಡಿದ್ರೆ ನಾಳೆನೇ ಲಡಾಖ್‌ಗೆ ಹೊರಡೋಣ ಅನ್ಸ್ತೈತೆ. ಹಂಗೆ ಅನ್ಸಿದ್ರೂ ಅಡ್ವಾನ್ಸ್ ಕೊಡಬೇಡ್ರಿ, ಒಂದು ಗೋಣಿ ಚೀಲ ಹಾಸ್ಕೊಂಡು ಗಾಡಿ ಕೆಳಗೆ ಮಲಗ್ರಿ.

ನಾನು ಬಾನೆಟ್ ಎತ್ತೋದು ಕೊನೆಗೆ. ಚಾಸಿ ಉದ್ದಕ್ಕೂ ತೂತು ಇರ್ತವಲ್ಲ, ಅದರೊಳಗೆ ಬೆರಳು ಹಾಕಿ ಕೆರೀಬೇಕು. ಸಂಡೂರು ರೋಡಲ್ಲಿ ಓಡಾಡಿದ ಯಾವ ಗಾಡಿಗಾದ್ರೂ ಹೊರಗೆ ಕೆಂಪು ಧೂಳು ಕೂತಿರ್ತೈತೆ, ಆದ್ರೆ ಒಳಗಿಂದ ಕುಂಕುಮದ ಥರ ಪದರ ಪದರ ಬಂತು ಅಂದ್ರೆ ಅದು ಮೈನ್ಸಲ್ಲೇ ದುಡಿದ ಗಾಡಿ, ಮಾರೋರು "ಮನೆ ಗಾಡಿ ಅಣ್ಣ, ಹೊರಗೇ ಹೋಗಿಲ್ಲ" ಅಂದ್ರೂ ನಾನು ನಂಬಲ್ಲ. ಆ ಧೂಳು ಮಳೆ ನೀರು ಹಿಡ್ಕೊಂಡು ಒಳಗಿಂದ್ಲೇ ತುಕ್ಕು ತಿಂತಾ ಹೋಗ್ತೈತೆ. ಮೀಟರಲ್ಲಿ ಕಿಲೋಮೀಟರ್ ಕಡಿಮೆ ಇರ್ಬಹುದು, ಆದ್ರೆ ಅಷ್ಟೂ ಫಸ್ಟು ಸೆಕೆಂಡು ಗೇರಲ್ಲಿ ಗುಡ್ಡ ಹತ್ತಿದ ಕಿಲೋಮೀಟರ್ ಆದ್ರೆ ಏನ್ ಉಪಯೋಗ? ಕಮಾನ್ ಪ್ಲೇಟಿನ ಬ್ರಾಕೆಟ್ ಹತ್ರ ಚಾಸಿಗೆ ವೆಲ್ಡಿಂಗ್ ಮಾಡಿದ್ದು ಕಂಡ್ರೆ ಮಾತಾಡದೆ ವಾಪಸ್ ಬನ್ರಿ.

ಆಮೇಲೆ ಟ್ರಾನ್ಸ್‌ಫರ್ ಕೇಸ್, ಅಂದ್ರೆ ಎಂಜಿನ್ ಎಳೆತನ ಮುಂದಿನ ಹಿಂದಿನ ಗಾಲಿಗೆ ಹಂಚೋ ಗೇರ್ ಡಬ್ಬ. ಮಾರೋರ್ನ ಕೇಳ್ಕೊಂಡು ಡ್ರೈನ್ ಬೋಲ್ಟ್ ಸ್ವಲ್ಪ ಸಡಿಲ ಮಾಡಿಸಿ ನಾಲ್ಕು ಹನಿ ಆಯಿಲ್ ಬೆರಳ ಮೇಲೆ ತಗೊಂಡು ತಿಕ್ಕಿ ನೋಡ್ರಿ, ಬೆಳ್ಳಗೆ ನೊರೆ ಇದ್ರೆ ಒಳಗೆ ನೀರು ಹೋಗೈತೆ, ಬಿಸಿಲಿಗೆ ಹಿಡಿದಾಗ ಹೊಳೆಯೋ ಚೂರು ಕಂಡ್ರೆ ಗೇರ್ ಸವೆದೈತೆ. ಬೋಲ್ಟ್ ಬಿಚ್ಚೋಕೆ ಬಿಡಲ್ಲ ಅಂದ್ರೆ ಅದೂ ಒಂದು ಉತ್ತರನೇ.

ಟೆಸ್ಟ್ ಡ್ರೈವ್ ಟಾರ್ ರೋಡಲ್ಲಿ ಮಾತ್ರ ಮಾಡಿದ್ರೆ ಸಾಲಲ್ಲ, ಹಗರಿ ಹೊಳೆ ಉಸುಕಿಗೆ ಇಳಿಸ್ರಿ. ಈ ಹಳೆ ಗಾಡಿಗಳಲ್ಲಿ ಫೋರ್ ವೀಲ್ ಹಾಕಿದ್ರೆ ಮುಂದಿನ ಶಾಫ್ಟು ಹಿಂದಿನ ಶಾಫ್ಟು ಒಂದೇ ಸ್ಪೀಡಲ್ಲಿ ತಿರುಗ್ತವೆ, ತಿರುವಲ್ಲಿ ಮುಂದಿನ ಗಾಲಿ ಜಾಸ್ತಿ ದೂರ ಹೋಗ್ಬೇಕು, ಉಸುಕಲ್ಲಾದ್ರೆ ಗಾಲಿ ಜಾರಿ ಸರಿ ಮಾಡ್ಕೊಂತೈತೆ, ಗಟ್ಟಿ ಟಾರ್ ಮೇಲೆ ಜಾರೋಕಾಗಲ್ಲ ಆ ಬಿಗಿತ ಎಲ್ಲಾ ಗೇರಿಗೂ ಶಾಫ್ಟಿನ ಕ್ರಾಸ್ ಜಾಯಿಂಟಿಗೂ ಬೀಳ್ತೈತೆ. ಉಸುಕಲ್ಲಿ ಫೋರ್ ಹೈ (ಮಾಮೂಲಿ ಸ್ಪೀಡಿಂದು) ಹಾಕ್ರಿ, ನಿಲ್ಸಿ ಫೋರ್ ಲೋ (ನಿಧಾನ, ಎಳೆತ ಜಾಸ್ತಿ) ಹಾಕ್ರಿ, ಲಿವರ್ ತಾನಾಗೇ ಹೊರಗೆ ಎಗರಬಾರ್ದು. ಮಾರುತಿ ಜಿಪ್ಸಿ ಆದ್ರೆ ಮುಂದಿನ ಹಬ್ ಲಾಕ್ (ಮುಂದಿನ ಗಾಲಿನ ಶಾಫ್ಟಿಗೆ ಜೋಡಿಸೋದು) ಕೈಯಿಂದ ತಿರುಗಿಸಿ ನೋಡ್ರಿ. ಹಳೆ ಸ್ಕಾರ್ಪಿಯೋ ಫೋರ್ ಬೈ ಫೋರಲ್ಲಿ ಲಿವರ್ ಬದ್ಲು ಸ್ವಿಚ್ ಐತೆ, ಫೋರ್ ವೀಲ್ ಹಾಕೋ ಮೋಟರ್ ಹೋಗಿದ್ರೆ ಸ್ವಿಚ್ ತಿರುಗಿಸಿದ್ರೂ ಗಾಡಿ ಟು ವೀಲಲ್ಲೇ ಇರ್ತೈತೆ.

ನನ್ನ ಮನಸ್ಸು ಜಿಪ್ಸಿ ಮೇಲೆ, ಮುಚ್ಚಿಡೋದೇನಿಲ್ಲ. 1985ರಲ್ಲಿ ಬಂದ ಡಿಸೈನು, ಆಮೇಲೆ ಬಂದ 1.3 ಲೀಟರ್ ಪೆಟ್ರೋಲ್ ಎಂಜಿನ್ ಸಾಕಷ್ಟು ಗಟ್ಟಿ, ತೂಕ ಒಂದು ಟನ್ನಿನ ಆಸುಪಾಸು ಅಷ್ಟೇ, ಸಿಕ್ಕಾಕೊಂಡ್ರೆ ನಾಲ್ಕು ಜನ ತಳ್ಳಬಹುದು. ಕುಲುಕಾಟ ಜಾಸ್ತಿ, ಪೆಟ್ರೋಲ್ ಕುಡೀತೈತೆ, ಆದ್ರೂ ದೂರದ ಹಳ್ಳಿ ಗ್ಯಾರೇಜಲ್ಲಿ ರಿಪೇರಿ ಆಗೋ ಗಾಡಿನೇ ದೂರ ಹೋಗೋಕೆ ಲಾಯಕ್ಕು.

ಪೇಪರ್ಸ್ ವಿಷ್ಯದಲ್ಲಿ ಕ್ಯಾಂಪರ್ ತಗೊಳೋರು ಹುಷಾರು, ಎಷ್ಟೋ ಗಾಡಿ ಗೂಡ್ಸ್ ರಿಜಿಸ್ಟ್ರೇಷನ್ ಇರ್ತವೆ, ಹಳದಿ ಬೋರ್ಡು, ಎಂಟು ವರ್ಷ ದಾಟಿದ್ರೆ ವರ್ಷ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್). ಬಿಳಿ ಬೋರ್ಡ್ ಆದ್ರೆ 15 ವರ್ಷಕ್ಕೆ ರಿನ್ಯೂವಲ್, ಆಮೇಲೆ ಐದೈದು ವರ್ಷ. ಆರ್‌ಸಿಯಲ್ಲಿ ಲೋನ್ ಎಂಟ್ರಿ ಉಳಿದಿದ್ರೆ ಬ್ಯಾಂಕಿನ ಎನ್‌ಒಸಿ, ಲೋನ್ ತೀರಿತು ಅಂತ ಬರೆದು ಕೊಡೋ ಫಾರ್ಮ್ 35 ಕೈಗೆ ಬರೋವರೆಗೂ ಪೂರ್ತಿ ದುಡ್ಡು ಕೊಡಬೇಡ್ರಿ. ಚಾಸಿ ನಂಬರ್ ನೀವೇ ಕಣ್ಣಾರೆ ಓದ್ರಿ.

ಕೈಯಲ್ಲಿರೋ ದುಡ್ಡೆಲ್ಲಾ ಗಾಡಿಗೇ ಹಾಕಬೇಡ್ರಿ. ಎಲ್ಲಾ ಆಯಿಲ್, ಬೆಲ್ಟು, ರಬ್ಬರ್ ಪೈಪು, ಬ್ರೇಕು, ಒಂದೇ ಸೈಜಿನ ನಾಲ್ಕು ಟೈರು, ಇದಕ್ಕೆ ಕಾಲು ಭಾಗ ಬೇರೆ ಎತ್ತಿಡ್ರಿ. ಹಿಮಾಲಯಕ್ಕಿಂತ ಮೊದ್ಲು ಮಸ್ಕಿ, ಮುದಗಲ್ ಕಡೆ ಹೋಗಿ ಬನ್ರಿ, ಅಶೋಕನ ಶಾಸನನೂ ನೋಡ್ದಂಗಾಯ್ತು, ಗಾಡಿ ಯಾಕಾದ್ರೂ ಕೈ ಕೊಟ್ರೆ ಮನೆಯೋರ್ನ ಕರೆಸ್ಕೊಳೋಷ್ಟು ಹತ್ರ. ಮಳೆ ಬಂದ ಮರುದಿನ ಮಾತ್ರ ಎರೆ ಹೊಲದ ದಾರಿಗೆ ಇಳೀಬೇಡ್ರಿ, ಆ ಮಣ್ಣು ಟೈರಿನ ಸಂದಿಗೆಲ್ಲಾ ತುಂಬ್ಕೊಂಡ್ರೆ ಫೋರ್ ಲೋ ಹಾಕಿದ್ರೂ ಗಾಲಿ ಸುಮ್ನೆ ತಿರುಗ್ತವೆ, ಎಳೆಯೋಕೆ ಟ್ರ್ಯಾಕ್ಟರೇ ಬರ್ಬೇಕು.