ಊರಿಗೆಲ್ಲ ನೆಂಟನಾದ ಕುದುರೆ

ಹೆಬ್ಬಾಳದಲ್ಲಿ ವೆಟರ್ನರಿ ಓದಿ, ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ಕುದುರೆ ಡಾಕ್ಟರಾಗಿ ಸೇರಿದ ಮೊದಲ ವರ್ಷ. ಒಂದು ಹೆಣ್ಣು ಕುದುರೆಗೆ ನಾನು ಗಂಡು ಆರಿಸಿಕೊಟ್ಟೆ. ತಪ್ಪು ಆರಿಸಿದೆ.

ತಳಿಯ ಹೆಸರು ಕ್ಲೀವ್‌ಲ್ಯಾಂಡ್ ಬೇ. ಮೈ ಕಂದು, ಕಾಲು, ಜೂಲು, ಬಾಲ ಕಪ್ಪು. ಹಣೆಯಲ್ಲಿ ಪುಟ್ಟ ಬಿಳಿ ಚುಕ್ಕೆ ಇರಬಹುದು, ಅದಕ್ಕಿಂತ ಜಾಸ್ತಿ ಬಿಳಿ ಒಪ್ಪುವುದಿಲ್ಲ. ಊರೂರು ತಿರುಗಿ ವ್ಯಾಪಾರ ಮಾಡುತ್ತಿದ್ದ ಚಾಪ್‌ಮನ್‌ಗಳ ಹೇರು ಕುದುರೆಯಿಂದ ಬಂದ ತಳಿ ಇದು. ಆಮೇಲೆ ಸಾರೋಟು ಎಳೆಯಿತು. ಜರ್ಮನಿಯ ಹೋಲ್‌ಸ್ಟೈನರ್, ಓಲ್ಡನ್‌ಬರ್ಗ್ ಕುದುರೆಗಳಲ್ಲೂ ಇದರ ರಕ್ತ ಇದೆ.

ಮೋಟಾರು ಬಂತು, ಸಾರೋಟು ಹೋಯಿತು. 1960ರ ದಶಕದ ಶುರುವಿನಲ್ಲಿ ಬ್ರಿಟನ್ನಿನಲ್ಲಿ ಶುದ್ಧ ತಳಿಯ ಬೀಜದ ಕುದುರೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಅಮೆರಿಕಕ್ಕೆ ಹೋಗಬೇಕಿದ್ದ ಮಲ್‌ಗ್ರೇವ್ ಸುಪ್ರೀಮ್ ಎಂಬ ಗಂಡನ್ನು ರಾಣಿ ಎರಡನೇ ಎಲಿಜಬೆತ್ ಕೊಂಡು ಉಳಿಸಿಕೊಂಡರು. ಬೇರೆಯವರ ಹೆಣ್ಣು ಕುದುರೆಗಳಿಗೂ ಅದನ್ನು ಬಿಟ್ಟುಕೊಟ್ಟರು. ತಳಿ ಚೇತರಿಸಿಕೊಂಡಿತು. ಆದರೆ ಅಷ್ಟು ಕಡಿಮೆ ಗಂಡುಗಳಿಂದ ಬೆಳೆದ ಮನೆತನದಲ್ಲಿ ಎಲ್ಲರೂ ಎಲ್ಲರಿಗೂ ನೆಂಟರೇ ಅಲ್ವಾ?

ಎರಡು ಹೆಣ್ಣು ಕುದುರೆ ಸಾಕಿದ್ದ ಹಿರಿಯರೊಬ್ಬರು ಫೋನ್ ಮಾಡಿ, ಯಾವ ಗಂಡಿಗೆ ಕೊಡಿಸಲಿ ಎಂದು ಕೇಳಿದರು. ಪ್ರದರ್ಶನಗಳಲ್ಲಿ ಗೆದ್ದಿದ್ದ ಒಂದು ಕುದುರೆಯ ಹೆಸರು ಹೇಳಿದೆ. ನಿಜಕ್ಕೂ ಚೆಂದದ ಕುದುರೆ. ಸಂಜೆ ನಮ್ಮ ಹಿರಿಯ ಡಾಕ್ಟರಮ್ಮ ಸ್ಟಡ್ ಬುಕ್, ಅಂದರೆ ತಳಿಯ ವಂಶಾವಳಿ ಪುಸ್ತಕ, ತಂದು ಮುಂದಿಟ್ಟರು. ಎರಡೂ ಕಡೆ ಹಿಂದೆ ಹಿಂದೆ ಹೋದೆ. ನಾಲ್ಕು ತಲೆಮಾರು ದಾಟುವಷ್ಟರಲ್ಲಿ ಒಂದೇ ಪೂರ್ವಜನ ಹೆಸರು ಮೂರು ಸಲ ಸಿಕ್ಕಿತು.

ಅವರು ಕಲಿಸಿದ ಲೆಕ್ಕ ಕಾಲೇಜಿನಲ್ಲಿ ನನ್ನ ತಲೆಗೆ ಹೋಗಿರಲಿಲ್ಲ. ಅಪ್ಪ ಒಬ್ಬನೇ, ತಾಯಿ ಬೇರೆ ಇರುವ ಗಂಡು ಹೆಣ್ಣು ಕೂಡಿದರೆ ಮರಿಯ ಒಳಸಂಬಂಧ, ಅಂದರೆ ಒಂದೇ ಪೂರ್ವಜನ ಒಂದೇ ಜೀನ್ ಅಪ್ಪ ಅಮ್ಮ ಇಬ್ಬರಿಂದಲೂ ಬರುವ ಸಾಧ್ಯತೆ, 12.5 ಶೇಕಡಾ. ಇದು ಗಂಡು ಹೆಣ್ಣಿನ ನಡುವಿನ ನೆಂಟಸ್ತಿಕೆಯ ಲೆಕ್ಕ. ಇನ್ನೊಂದು ಲೆಕ್ಕ ಇದೆ: ಈ ಒಂದು ಕುದುರೆ ಇಡೀ ತಳಿಗೆ ಎಷ್ಟು ನೆಂಟ? ಗೆದ್ದ ಕುದುರೆಗೆ ಎಲ್ಲರೂ ಹೆಣ್ಣು ಕಳಿಸುತ್ತಾರೆ, ಹಾಗಾಗಿ ಅದು ಊರಿಗೆಲ್ಲ ನೆಂಟ. ಅದರ ಇನ್ನೊಂದು ಮರಿ ತಳಿಗೆ ಹೊಸದೇನನ್ನೂ ಕೊಡುವುದಿಲ್ಲ. ಯಾರಿಗೂ ಹೆಚ್ಚು ನೆಂಟನಲ್ಲದ, ನೋಡಲು ಸಾಧಾರಣ ಕುದುರೆಯ ಮರಿಯೇ ಮೊದಲು ಹುಟ್ಟಬೇಕು. ಮೃಗಾಲಯಗಳು ಅಪರೂಪದ ಪ್ರಾಣಿಗಳಿಗೆ ಬಳಸುತ್ತಿದ್ದ ಸ್ಪಾರ್ಕ್ಸ್ ಎಂಬ ಸಾಫ್ಟ್‌ವೇರ್ ಇಂಥದ್ದೇ ಲೆಕ್ಕ ಹಾಕುತ್ತಿತ್ತು. ಈ ತಳಿಯವರೂ ಅದನ್ನು ಬಳಸಿದ್ದಾರೆ.

ಆಗ ಇನ್ನೊಂದು ಕುದುರೆ ನೆನಪಾಗಿ ಹೊಟ್ಟೆಯಲ್ಲಿ ಸಂಕಟವಾಯಿತು. ಹದಿಮೂರು ವರ್ಷದ ಹೆಣ್ಣು, ಬೆನ್ನು ಸ್ವಲ್ಪ ಉದ್ದ. ಅದರ ತಾಯಿಯ ಕಡೆಯ ಬಳ್ಳಿಯಲ್ಲಿ ಹೆಣ್ಣು ಅಂತ ಉಳಿದಿದ್ದು ಅದೊಂದೇ. ಅದನ್ನು ಎರಡು ಸಲ ಥರೋಬ್ರೆಡ್ ಎಂಬ ರೇಸ್ ಕುದುರೆ ತಳಿಯ ಗಂಡಿಗೆ ಕೊಡಿಸಿದ್ದರು. ಜಿಗಿತಕ್ಕೆ, ಸವಾರಿಗೆ ಅಂಥ ಮಿಶ್ರ ಮರಿಗೆ ಒಳ್ಳೇ ಬೆಲೆ ಸಿಗುತ್ತದೆ. ಮಾಲೀಕರದ್ದು ತಪ್ಪಲ್ಲ, ಮೇವಿನ ಖರ್ಚು ಹುಟ್ಟಬೇಕು. ಆದರೆ ಹನ್ನೊಂದು ತಿಂಗಳ ಗಬ್ಬ, ಒಂದು ಸಲಕ್ಕೆ ಒಂದೇ ಮರಿ. ಮಿಶ್ರ ಮರಿ ಹುಟ್ಟಿದ ವರ್ಷ ಶುದ್ಧ ಮರಿ ಇಲ್ಲ. ಎರಡನೇ ಸಲ ಸ್ಕ್ಯಾನ್ ಮಾಡಿದವಳು ನಾನೇ. ಗಬ್ಬ ನಿಂತಿದೆ ಎಂದು ಹೇಳಿ, ಕೈ ತೊಳೆದುಕೊಂಡು ಬಂದಿದ್ದೆ.

ಮರುದಿನ ಮೊದಲ ಫೋನ್ ಆ ಹಿರಿಯರಿಗೆ. ನಿನ್ನೆ ಹೇಳಿದ್ದು ಸರಿಯಿಲ್ಲ ಎಂದು ಒಪ್ಪಿಕೊಂಡು ಬೇರೆ ಗಂಡಿನ ಹೆಸರು ಕೊಟ್ಟೆ. ಎರಡನೆಯದು ಉದ್ದ ಬೆನ್ನಿನವಳ ಮಾಲೀಕರಿಗೆ. ಒಂದು ವರ್ಷ, ಒಂದೇ ವರ್ಷ ಶುದ್ಧ ಮರಿಗೆ ಬಿಡಿ ಎಂದು ಕೇಳಿದೆ. ಅವರು ಯೋಚಿಸಲು ಎರಡು ವಾರ ತೆಗೆದುಕೊಂಡರು.

ಮುಂದಿನ ವಸಂತದಲ್ಲಿ ಉದ್ದ ಬೆನ್ನಿನವಳಿಗೆ ಅಷ್ಟೇನೂ ಹೆಸರಿಲ್ಲದ ಗಂಡಿನ ವೀರ್ಯವನ್ನು ತಣ್ಣನೆ ಪೆಟ್ಟಿಗೆಯಲ್ಲಿ ತರಿಸಿದೆವು. ಮೊದಲ ಬೆದೆಗೆ ನಿಲ್ಲಲಿಲ್ಲ. ಎರಡನೆಯದಕ್ಕೆ ಹದಿನೈದನೇ ದಿನ ಪರದೆಯಲ್ಲಿ ಕಪ್ಪನೆ ದುಂಡು ಚುಕ್ಕೆ ಕಂಡಿತು. ಈ ಸಲ ನಾನು ಕೈ ತೊಳೆಯುವ ಮೊದಲು ಮಾಲೀಕರ ಜೊತೆ ಕೂತು ಮುಂದಿನ ಮೂರು ವರ್ಷದ ಪಟ್ಟಿ ಬರೆದೆ. ಮರುವರ್ಷ ಮೇ ತಿಂಗಳಲ್ಲಿ ರಾತ್ರಿ ಎರಡು ಗಂಟೆಗೆ ಅವಳು ಈದಳು. ಹೆಣ್ಣು ಮರಿ. ಕಂದು ಬಣ್ಣ, ಹಣೆಯಲ್ಲಿ ಚುಕ್ಕೆಯೂ ಇಲ್ಲ.